ಚಾರ್ಜರಿನ ಪಿನ್ ಹಿಡಿದವರು

ನಮ್ಮ ಮನೆಯ ಲ್ಯಾಪ್‌ಟಾಪು ಚಾರ್ಜ್ ಆಗುವುದನ್ನು ನಿಲ್ಲಿಸಿದ್ದು ನವರಾತ್ರಿ ಮುಗಿದ ವಾರ. ಪುರೋಹಿತನಿಗೇಕೆ ಲ್ಯಾಪ್‌ಟಾಪು ಎಂದು ಕೇಳುವವರು ಇರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ನಾನು ಕಾಪುವಿನವನು. ಮದುವೆ, ಉಪನಯನ, ಗೃಹಪ್ರವೇಶ ಮಾಡಿಸುತ್ತೇನೆ. ನಡುವೆ ಜಾತಕ ಬರೆಯುವುದು, ಎರಡು ಜಾತಕ ಕೂಡಿಸಿ ನೋಡುವುದು ಇರುತ್ತದೆ. ಮೊದಲೆಲ್ಲ ಇದಕ್ಕೆ ಪಂಚಾಂಗ ಮತ್ತು ಪೆನ್ಸಿಲ್ ಸಾಕಾಗುತ್ತಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ರಸ್ತೆಯ ಆಚೆ ಬದಿಯ ಬೋರ್ಡೆಲ್ಲ ಸ್ಪಷ್ಟವಾಗಿ ಕಾಣತೊಡಗಿತು, ಪಂಚಾಂಗದ ಸಣ್ಣ ಅಕ್ಷರ ಮಾತ್ರ ಮಸಿ ಚೆಲ್ಲಿದ ಹಾಗೆ ಆಯಿತು. ಅದೂ ಅಲ್ಲದೆ ಜಾತಕ ಕೇಳಲು ಬರುವವರಿಗೆ ಕೈಬರಹದ ಮೇಲೆ ನಂಬಿಕೆ ಹೋಗಿತ್ತು. ಎಲ್ಲ ಲೆಕ್ಕ ಮಾಡಿ ಚೆಂದಕ್ಕೆ ಬರೆದು ಕೊಟ್ಟರೂ ಮಡಿಸುವ ಮೊದಲು ಒಮ್ಮೆ ಕೇಳುತ್ತಿದ್ದರು, "ಪ್ರಿಂಟ್ ಇಲ್ವಾ ಭಟ್ರೇ?"

ಮಣಿಪಾಲದಲ್ಲಿ ವರ್ಷಕ್ಕೊಮ್ಮೆ ಕೋರ್ಸು ಮುಗಿಸಿ ಊರಿಗೆ ಹೊರಡುವ ವಿದ್ಯಾರ್ಥಿಗಳು ಮಂಚ, ಕುಕ್ಕರ್, ಗಿಟಾರು, ಲ್ಯಾಪ್‌ಟಾಪು ಎಲ್ಲ ಮಾರುತ್ತಾರೆ. ಉತ್ತರದ ಕಡೆಯ ಒಬ್ಬ ವಿದ್ಯಾರ್ಥಿನಿಯಿಂದ ನಾನು ಲ್ಯಾಪ್‌ಟಾಪು ತೆಗೆದುಕೊಂಡೆ. ಅವಳಿಗೆ ಕನ್ನಡ ಬಾರದು, ತುಳು ಬಾರದು. ನನ್ನ ಹಿಂದಿಯಲ್ಲಿ ಮುಕ್ಕಾಲು ಪಾಲು ಸಂಸ್ಕೃತ. ಅವಳು ಏನು ಅರ್ಥ ಮಾಡಿಕೊಂಡಳೋ, ಕಾಲಿಗೆ ನಮಸ್ಕಾರ ಮಾಡಿ ಲ್ಯಾಪ್‌ಟಾಪಿನ ಜೊತೆಗೆ ಒಂದು ಟೇಬಲ್ ಫ್ಯಾನನ್ನೂ ಕೊಟ್ಟಳು. ಮೂರು ವರ್ಷ ಎರಡೂ ಚೆನ್ನಾಗಿಯೇ ನಡೆದವು.

ಆ ವಾರ ಏನಾಯಿತೆಂದರೆ, ಚಾರ್ಜರಿನ ಪಿನ್ನನ್ನು ಲ್ಯಾಪ್‌ಟಾಪಿನ ಬದಿಯ ತೂತಿಗೆ ಹಾಕಿದರೆ ಒಂದು ಸಲ 'ಟುಂಗ್' ಎಂದು ಶಬ್ದ ಬರುತ್ತಿತ್ತು, ಮರುಕ್ಷಣ ಇನ್ನೊಂದು ಟುಂಗ್. ಮೊದಲನೆಯದು ಕರೆಂಟು ಬಂತೆಂದು, ಎರಡನೆಯದು ಹೋಯಿತೆಂದು. ಪಿನ್ನನ್ನು ಸ್ವಲ್ಪ ಎಡಕ್ಕೆ ವಾಲಿಸಿದರೆ ನಿಲ್ಲುತ್ತಿತ್ತು. ಮೊದಲು ಅದರ ಅಡಿಗೆ ಹಾಳೆಯ ತುಂಡೊಂದನ್ನು ಮಡಚಿ ಇಟ್ಟೆ. ಎರಡು ದಿನ ಅದು ನಡೆಯಿತು. ಆಮೇಲೆ ಹಾಳೆಯ ಮೇಲೆ ಒಂದು ಲೋಟ ಕವುಚಿ ಹಾಕಬೇಕಾಯಿತು. ನಾಲ್ಕನೆಯ ದಿನ ಲೋಟದ ಜಾಗಕ್ಕೆ ಕುಟ್ಟಣಿಗೆ ಬಂತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ಕುಟ್ಟಣಿಗೆ ಎಲ್ಲಿ? ಶುಂಠಿ ಜಜ್ಜಲಿಕ್ಕೆ ಉಂಟು!"

"ಚಾರ್ಜಿಗೆ ಇಟ್ಟಿದ್ದೇನೆ" ಎಂದೆ.

ಅವಳು ಬಂದು ನೋಡಿದಳು. ಕುಟ್ಟಣಿಗೆ ಎತ್ತಿಕೊಂಡಳು. ಆಮೇಲೆ, "ಅಣ್ಣನಿಗೆ ಫೋನ್ ಮಾಡ್ತೇನೆ" ಎಂದಳು.

ನಾನು ಬೇಡವೆಂದೆ. ಅವಳಣ್ಣ, ಅಂದರೆ ನನ್ನ ಭಾವ, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾಗಿ ಕಾರ್ಕಳದಲ್ಲಿದ್ದಾರೆ. ಮೂವತ್ತು ವರ್ಷ ಕಂಬ ಹತ್ತಿದವರು. ಮಳೆಗಾಲದಲ್ಲಿ ಲೈನಿನ ಮೇಲೆ ಬಿದ್ದ ಮರಗಳ ನಡುವೆ ಕೆಲಸ ಮಾಡಿದವರು. ಅವರ ಧೈರ್ಯದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕಂಬದ ಮೇಲಿನ ಕರೆಂಟಿಗೂ ಲ್ಯಾಪ್‌ಟಾಪಿನೊಳಗಿನ ಕರೆಂಟಿಗೂ ವ್ಯತ್ಯಾಸವಿದೆ ಎಂಬುದನ್ನು ಅವರು ಒಪ್ಪುವವರಲ್ಲ. ನಾನು ಬೇಡ ಎನ್ನುವುದರೊಳಗೆ ಹೆಂಡತಿ ಫೋನಿನಲ್ಲಿ ಮಾತಾಡುತ್ತಿದ್ದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅವರು ಬಂದರು. ಕೈಯಲ್ಲಿ ಟೆಸ್ಟರ್, ಕಟಿಂಗ್ ಪ್ಲಯರ್, ಕಪ್ಪು ಟೇಪು. ಲ್ಯಾಪ್‌ಟಾಪನ್ನು ಕಣ್ಣೆತ್ತಿಯೂ ನೋಡದೆ ನೇರ ಗೋಡೆಯ ಪ್ಲಗ್ಗಿಗೆ ಟೆಸ್ಟರ್ ಹಾಕಿದರು.

"ಭಾವ, ಅರ್ಥಿಂಗ್ ಸರಿ ಇಲ್ಲ."

"ಪ್ಲಗ್ಗಿಗೆ ತೊಂದರೆ ಇಲ್ಲ ಭಾವ. ಮಿಕ್ಸಿ ಓಡ್ತದೆ, ಫೋನ್ ಚಾರ್ಜ್ ಆಗ್ತದೆ."

"ಮಿಕ್ಸಿಗೆ ಮಾನ ಮರ್ಯಾದೆ ಇಲ್ಲ, ಹೇಗೂ ಓಡ್ತದೆ. ಇದು ಸೂಕ್ಷ್ಮದ್ದು. ಅರ್ಥಿಂಗ್ ಗುಂಡಿ ಎಲ್ಲಿ ಉಂಟು?"

ಮನೆಯ ಹಿಂದೆ, ಬಾವಿಕಟ್ಟೆಯ ಪಕ್ಕದಲ್ಲಿತ್ತು. ಅದನ್ನು ಅಗೆಸಿದರು. ಅಗೆದವನು ನಾನೇ. ಅದಕ್ಕೆ ಇದ್ದಿಲು ಮತ್ತು ಉಪ್ಪು ತುಂಬಬೇಕೆಂದರು. ಹೆಂಡತಿ ಉಪ್ಪಿನ ಎರಡು ಪ್ಯಾಕೆಟ್ ತಂದುಕೊಟ್ಟಳು. ಅದರ ಮೇಲೆ ಹನ್ನೆರಡು ಕೊಡಪಾನ ನೀರು. ಹನ್ನೊಂದನೆಯ ಕೊಡಪಾನ ಸೇದುವಾಗ ಆಚೆಮನೆಯವರು ಬೇಲಿಯ ಬಳಿ ನಿಂತು ಕೇಳಿದರು, "ಎಂತ ಭಟ್ರೇ, ಗಿಡ ನೆಟ್ಟದ್ದಾ?" ಲ್ಯಾಪ್‌ಟಾಪು ಸರಿಮಾಡುತ್ತಿದ್ದೇನೆ ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ. "ಹೌದು, ತೆಂಗಿನದ್ದು" ಎಂದೆ. ಅವರು ಇಂದಿಗೂ ಆ ಜಾಗವನ್ನು ಒಮ್ಮೊಮ್ಮೆ ನೋಡುತ್ತಾರೆ.

ನೀರೆರೆದು ಒಳಗೆ ಬಂದು ಪಿನ್ ಹಾಕಿದರೆ ಅದೇ ಟುಂಗ್, ಟುಂಗ್. ಭಾವ ಗಂಭೀರರಾದರು. ಚಾರ್ಜರಿನ ವಯರನ್ನು ಉದ್ದಕ್ಕೂ ಬೆರಳಲ್ಲಿ ಒತ್ತುತ್ತಾ ಬಂದು, ಪಿನ್ನಿನ ಹತ್ತಿರ ಒಂದು ಕಡೆ ನಿಂತು, "ಇಲ್ಲಿ ಒಳಗೆ ತುಂಡಾಗಿದೆ" ಎಂದರು. ನಾನು "ಭಾವ, ಒಂದು ನಿಮಿಷ" ಎನ್ನುವಷ್ಟರಲ್ಲಿ ಪ್ಲಯರ್ ಕಚಕ್ ಎಂದಿತು.

ಒಳಗೆ ಕೆಂಪು ಒಂದು, ಕಪ್ಪು ಒಂದು ಇರುತ್ತದೆಂದು ಅವರು ತಿಳಿದಿದ್ದರು. ಅದರಲ್ಲಿದ್ದದ್ದು ಬೇರೆ. ಹೊರಗೆ ಕೂದಲಿನಂಥ ತಾಮ್ರದ ಬಲೆ, ಅದರೊಳಗೊಂದು ಬಿಳಿ ವಯರು, ಜೊತೆಗೆ ಮತ್ತೊಂದು ದಾರದಷ್ಟು ಸಪೂರದ ನೀಲಿ. ಭಾವ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಇದೆಂಥ ವಯರು ಮಾರಾಯ್ರೆ!"

"ತುಂಡಾಗಿತ್ತಾ?" ಎಂದು ಕೇಳಿದೆ.

"ಈಗ ಆಗಿದೆ" ಎಂದರು ಭಾವ. ಅವರು ಸುಳ್ಳು ಹೇಳುವವರಲ್ಲ.

ಮೂರನ್ನೂ ತಿರುಚಿ ಜೋಡಿಸಿ ಟೇಪು ಸುತ್ತಿದರು. ಪ್ಲಗ್ಗಿಗೆ ಹಾಕಿದ ಕೂಡಲೆ ಚಾರ್ಜರಿನ ಡಬ್ಬಿಯ ಮೇಲಿದ್ದ ಹಸಿರು ದೀಪ ಒಮ್ಮೆ ಮಿನುಗಿ ಆರಿಹೋಯಿತು. ಇದ್ದಷ್ಟು ಟುಂಗ್ ಕೂಡ ಇಲ್ಲವಾಯಿತು. ಊಟ ಮಾಡಿ ಹೊರಡುವಾಗ ಭಾವ, "ಅದು ಮೊದಲೇ ಸತ್ತಿತ್ತು ಭಾವ. ನಾವು ಪ್ರಯತ್ನ ಮಾಡಿದೆವು" ಎಂದರು, ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಹೇಳುವ ದನಿಯಲ್ಲಿ.

ಮರುದಿನ ಅವರೇ ಕಾರ್ಕಳದ ಪೇಟೆಯಿಂದ ಒಂದು ಹೊಸ ಚಾರ್ಜರು ಕಳಿಸಿದರು. ಎಲ್ಲ ಲ್ಯಾಪ್‌ಟಾಪಿಗೂ ಆಗುವಂಥದ್ದು. ಜೊತೆಗೆ ಎಂಟು ಬಗೆಯ ಪಿನ್ನುಗಳ ಪೊಟ್ಟಣ. ಐದನೆಯ ಪಿನ್ನು ಹೊಂದಿಕೊಂಡಿತು. ಅದೂ ಪೂರ್ತಿ ಒಳಗೆ ಹೋಗುತ್ತಿರಲಿಲ್ಲ, ಬೆರಳಿನಿಂದ ಒತ್ತಿ ಹಿಡಿಯಬೇಕು. ಒತ್ತಿದಾಗ ಲ್ಯಾಪ್‌ಟಾಪು ಎದ್ದು ಇಂಗ್ಲಿಷಿನಲ್ಲಿ ಒಂದು ಚೀಟಿ ತೋರಿಸಿತು: ಈ ಚಾರ್ಜರು ಯಾವುದೆಂದು ತನಗೆ ಗೊತ್ತಾಗುತ್ತಿಲ್ಲ, ಆದ್ದರಿಂದ ಬ್ಯಾಟರಿಗೆ ತುಂಬಿಸುವುದಿಲ್ಲ. ಅಂದರೆ, ಪಿನ್ ಒತ್ತಿ ಹಿಡಿದಷ್ಟು ಹೊತ್ತು ನಡೆಯುತ್ತದೆ. ಕೈ ಅಲ್ಲಾಡಿದರೆ ಒಂದೇ ಪೆಟ್ಟಿಗೆ ಕಪ್ಪು.

ಇಂಥ ಸ್ಥಿತಿಯಲ್ಲಿರುವಾಗಲೇ ಒಂದು ದಿನ ಬೆಳಿಗ್ಗೆ ಹತ್ತು ಗಂಟೆಗೆ ಎರಡು ಮನೆಯವರು ಜಾತಕ ಕೂಡಿಸಲು ಬಂದರು. ಹುಡುಗನ ಕಡೆಯಿಂದ ತಾಯಿ ತಂದೆ, ಹಿರಿಯಡ್ಕದವರು. ತಾಯಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವರು. ಚಪ್ಪಲಿ ಬಿಟ್ಟು ಒಳಗೆ ಬರುವಾಗಲೇ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡಳು, ನಾನು ಬೆನ್ನು ನೆಟ್ಟಗೆ ಮಾಡಿದೆ. ತಂದೆ ಮೂಲೆಯ ಕುರ್ಚಿ ಹಿಡಿದು ಕೂತವರು ಬಾಯಿ ತೆರೆಯಲಿಲ್ಲ. ಹುಡುಗಿಯ ಅಪ್ಪ ಅಮ್ಮ ಮಸ್ಕತ್‌ನಲ್ಲಿದ್ದುದರಿಂದ ಅವಳ ಸೋದರಮಾವ ಬಂದಿದ್ದರು. ಅವರೂ ಇಪ್ಪತ್ತು ವರ್ಷ ಮಸ್ಕತ್‌ನಲ್ಲಿದ್ದು ಈಗ ಬೆಳ್ಮಣ್ಣಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಈ ಕಡೆಯವರ ಜೋಯಿಸರನ್ನು ಆ ಕಡೆಯವರು ನಂಬುವುದಿಲ್ಲ, ಆ ಕಡೆಯವರದ್ದನ್ನು ಇವರು ಒಪ್ಪುವುದಿಲ್ಲ. ಅದಕ್ಕಾಗಿ ಇಬ್ಬರಿಗೂ ಗುರುತಿಲ್ಲದ ನನ್ನನ್ನು ಹುಡುಕಿಕೊಂಡು ಒಟ್ಟಿಗೇ ಬಂದಿದ್ದರು.

ನಾಳೆ ಬನ್ನಿ ಎನ್ನಬಹುದಿತ್ತು. ಆದರೆ ಮುಖ್ಯೋಪಾಧ್ಯಾಯಿನಿಯ ಎದುರು ಹೋಮ್‌ವರ್ಕ್ ಆಗಿಲ್ಲ ಎಂದು ಹೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗಿಲ್ಲ. ಲ್ಯಾಪ್‌ಟಾಪು ತೆರೆದೆ. ಎರಡೂ ಕೈಯಲ್ಲಿ ಟೈಪು ಮಾಡಬೇಕು. ಪಿನ್ ಒತ್ತಲು ಮೂರನೆಯ ಕೈ ಬೇಕು. ಪಕ್ಕದಲ್ಲಿ ಕೂತಿದ್ದ ಸೋದರಮಾವನಿಗೆ ಮೆಲ್ಲಗೆ ಹೇಳಿದೆ, "ಸ್ವಲ್ಪ ಇದನ್ನು ಒತ್ತಿ ಹಿಡೀತೀರಾ? ಎಡಕ್ಕೆ ವಾಲಿಸಿ."

ಅವರು ಹಿಡಿದರು. ಲ್ಯಾಪ್‌ಟಾಪು ಎದ್ದಿತು. ಹುಡುಗನ ವಿವರ ತುಂಬಿಸಿ ಮುಗಿಸುವಷ್ಟರಲ್ಲಿ ಸೋದರಮಾವನ ಪ್ಯಾಂಟಿನ ಕಿಸೆಯಲ್ಲಿ ಫೋನು ಕೂಗತೊಡಗಿತು. ಕಿಸೆ ಬಲಗಡೆ, ಪಿನ್ನೂ ಬಲಗೈಯಲ್ಲಿ. ಎಡಗೈಯನ್ನು ಬೆನ್ನ ಹಿಂದಿನಿಂದ ತಂದು ಬಲಕಿಸೆಗೆ ತೂರಿಸಲು ನೋಡಿದರು. ಅರ್ಧ ದಾರಿಯಲ್ಲಿ ಭುಜ ಹಿಡಿದುಕೊಂಡಿತು. "ಅಯ್ಯೋ" ಎಂದರು. ಪರದೆ ಕಪ್ಪಾಯಿತು.

"ಕೊಡಿ ಇಲ್ಲಿ" ಎಂದು ಮುಖ್ಯೋಪಾಧ್ಯಾಯಿನಿ ಎದ್ದು ಬಂದರು. "ಒಂದು ಕೆಲಸ ಎರಡು ನಿಮಿಷ ನೆಟ್ಟಗೆ ಮಾಡ್ಲಿಕ್ಕೆ ಗಂಡಸರಿಗೆ ಆಗುದಿಲ್ಲ."

ಅವರು ಹಿಡಿದ ರೀತಿಯೇ ಬೇರೆ. ಪಿನ್ನು ಅಲ್ಲಾಡುವ ಪ್ರಶ್ನೆಯೇ ಇರಲಿಲ್ಲ. ಆದರೆ ಅವರು ನನ್ನ ಮಗ್ಗುಲಲ್ಲೇ ಕೂತದ್ದರಿಂದ ನಾನು ಟೈಪು ಮಾಡಿದ್ದೆಲ್ಲ ಅವರಿಗೆ ಕಾಣುತ್ತಿತ್ತು. ಒಂದು ಕಾಗುಣಿತ ತಿದ್ದಿದರು. ಆಮೇಲೆ ಹುಡುಗಿಯ ಹುಟ್ಟಿದ ದಿನ ಹಾಕಿದೆ. ಅವರು ಅದನ್ನು ನೋಡಿದರು, ಮೇಲಿನ ಸಾಲಿನ ಮಗನ ದಿನವನ್ನು ನೋಡಿದರು, ಮನಸ್ಸಿನಲ್ಲೇ ಎಣಿಸಿದರು.

"ಇದೆಂತ? ಹುಡುಗಿ ಎಂಟು ತಿಂಗಳು ದೊಡ್ಡವಳು!"

"ಬಯೋಡಾಟಾದಲ್ಲಿ ಬರ್ದಿತ್ತಲ್ಲ ಮೇಡಂ, ಇಪ್ಪತ್ತೆಂಟು ಅಂತ" ಎಂದರು ಸೋದರಮಾವ.

"ನಮ್ಮವನಿಗೂ ಇಪ್ಪತ್ತೆಂಟೇ. ಆದರೆ ಯಾವ ಇಪ್ಪತ್ತೆಂಟು ಅಂತ ಹೇಳ್ಬೇಕಲ್ವಾ? ಆರಂಭದ್ದಾ, ಮುಗಿಯುವ ಹೊತ್ತಿಂದಾ?"

"ನೀವು ಕೇಳ್ಲಿಲ್ಲ."

"ಕೇಳ್ಬೇಕಾ?" ಎಂದು ಅವರು ಕೈಯೆತ್ತಿದರು. ಶಾಲೆಯಲ್ಲಿ ಮೂವತ್ತು ವರ್ಷ ಕೈಯೆತ್ತಿ ಪ್ರಶ್ನೆ ಕೇಳಿದ ಅಭ್ಯಾಸ. ಪರದೆ ಕಪ್ಪಾಯಿತು.

ಮೂರನೆಯ ಸಲ ಎಬ್ಬಿಸುವಾಗ ಮುಖ್ಯೋಪಾಧ್ಯಾಯಿನಿಯೇ ಮತ್ತೆ ಪಿನ್ ಒತ್ತಿ ಹಿಡಿದರು. ಬಿಳಿ ಚುಕ್ಕಿಗಳು ಪರದೆಯ ಮೇಲೆ ಸುತ್ತು ಬರುತ್ತಾ ಇದ್ದವು. ನನ್ನ ಹೆಂಡತಿ ಕಾಫಿ ತಂದಳು. ಪಿನ್ ಹಿಡಿದವರಿಗೆ ಲೋಟ ಹಿಡಿಯುವುದಕ್ಕಾಗದು, ಸೋದರಮಾವ ತಮ್ಮ ಲೋಟ ಕೆಳಗಿಟ್ಟು, "ನೀವು ಕಾಫಿ ಕುಡೀರಿ ಮೇಡಂ, ನಾನು ಹಿಡೀತೇನೆ. ಫೋನ್ ತೆಗ್ದು ಬದಿಗಿಟ್ಟಿದ್ದೇನೆ" ಎಂದರು. ಬೆರಳಿಗೆ ಬೆರಳು ಕೂಡಿಸಿ ಪಿನ್ನು ಕೈಬದಲಾಯಿತು. ಅಷ್ಟು ಜಾಗ್ರತೆಯಿಂದ ಧಾರೆ ಎರೆಯುವಾಗಲೂ ಯಾರೂ ಕೈ ಹಿಡಿದದ್ದನ್ನು ನಾನು ಕಂಡಿಲ್ಲ. ಪರದೆ ಆರಲಿಲ್ಲ. ಎಲ್ಲರೂ ಉಸಿರು ಬಿಟ್ಟೆವು.

ಹುಡುಗಿ ಹುಟ್ಟಿದ ಹೊತ್ತು ಹಾಕಿದೆ, ಊರು ಮಸ್ಕತ್ ಎಂದು ಹಾಕಿದೆ, ಫಲಿತಾಂಶದ ಗುಂಡಿ ಒತ್ತಿದೆ. ಆಗ ಮನೆಯ ಕರೆಂಟೇ ಹೋಯಿತು. ಫ್ಯಾನು ನಿಂತಿತು. ಸೋದರಮಾವ ಪಿನ್ನನ್ನು ಇನ್ನೂ ಒತ್ತಿ ಹಿಡಿದೇ ಇದ್ದರು.

"ಬಿಡಿ" ಎಂದೆ. "ಇದು ನಿಮ್ಮಿಂದ ಆದದ್ದಲ್ಲ. ಇವತ್ತು ಮಂಗಳವಾರ, ಲೈನ್ ರಿಪೇರಿಯ ದಿನ, ಸಂಜೆವರೆಗೆ ಬರುದಿಲ್ಲ."

ಬೇರೆ ದಾರಿ ಇರಲಿಲ್ಲ. ನನ್ನಲ್ಲಿ ಅಪ್ಪನ ಕಾಲದಿಂದ ಬಂದ ಹಳೆಯ ಪಂಚಾಂಗಗಳು ವರ್ಷವಾರು ಕಟ್ಟಿ ಅಟ್ಟದಲ್ಲಿವೆ. ಹೆಂಡತಿ ಹತ್ತಿ ಬೇಕಾದ ಎರಡನ್ನು ಹುಡುಕಿ ತಂದಳು. ಅಕ್ಷರ ನನಗೆ ಕಾಣದು. ಮುಖ್ಯೋಪಾಧ್ಯಾಯಿನಿ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ತಿಥಿ, ನಕ್ಷತ್ರ, ಗಳಿಗೆ ಓದಿದರು, ನಾನು ಬರೆದುಕೊಂಡೆ. ಹುಡುಗಿ ಹುಟ್ಟಿದ್ದು ಮಸ್ಕತ್‌ನ ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮ ಹೊತ್ತಿಗೆ ತರಲು ನಾನು ಒಂದೂವರೆ ಗಂಟೆ ಕಳೆದೆ.

"ಕಳೆಯುದಲ್ಲ ಭಟ್ರೇ, ಕೂಡಿಸ್ಬೇಕು" ಎಂದರು ಸೋದರಮಾವ. "ಇಪ್ಪತ್ತು ವರ್ಷ ಅಲ್ಲಿಂದ ಮನೆಗೆ ಫೋನ್ ಮಾಡಿದವ ನಾನು. ಕೆಲಸ ಬಿಟ್ಟು ರೂಮಿಗೆ ಬಂದು ನಂಬರ್ ಒತ್ತುವಾಗ ಇಲ್ಲಿ ಮಕ್ಕಳು ಮಲಗಿ ಆಗಿರ್ತಿತ್ತು. ಅದು ಮರೀತದಾ?"

ಅವರು ಹೇಳಿದ್ದೇ ಸರಿ. ಕಳೆದಿದ್ದರೆ ಹುಡುಗಿ ಹಿಂದಿನ ನಕ್ಷತ್ರಕ್ಕೆ ಬೀಳುತ್ತಿದ್ದಳು, ಕೂಟಗಳೆಲ್ಲ ತಲೆಕೆಳಗಾಗುತ್ತಿದ್ದವು. ಮುಖ್ಯೋಪಾಧ್ಯಾಯಿನಿ ಪಂಚಾಂಗದಿಂದ ಕಣ್ಣೆತ್ತಿ ಅವರನ್ನು ನೋಡಿದರು. ಮಕ್ಕಳ ಮುಖ ನೋಡದೆ ಇಪ್ಪತ್ತು ವರ್ಷ ಎಂಬುದು ಅವರ ಮನಸ್ಸಿಗೆ ತಾಗಿರಬೇಕು; ಅಲ್ಲಿಂದ ಮುಂದೆ ಅವರ ದನಿ ಸ್ವಲ್ಪ ಕೆಳಗಿಳಿಯಿತು. ಕೊನೆಗೆ ಹತ್ತು ಕೂಟದಲ್ಲಿ ಏಳು ಕೂಡಿ ಬಂದವು. ಎರಡು ಸಲ ಎಣಿಸಿ ಹೇಳಿದೆ.

"ಎಂಟು ತಿಂಗಳಿನದ್ದು ಮಾತ್ರ…" ಎಂದು ಸೋದರಮಾವ ಅಂಜುತ್ತಲೇ ಕೇಳಿದರು.

ಮುಖ್ಯೋಪಾಧ್ಯಾಯಿನಿ ಉತ್ತರಿಸುವ ಮೊದಲೇ ಮೂಲೆಯ ಕುರ್ಚಿಯಿಂದ ಒಂದು ಕೆಮ್ಮು ಬಂತು. ಅಷ್ಟು ಹೊತ್ತು ಅಲ್ಲಿ ಒಬ್ಬರು ಕೂತಿದ್ದಾರೆ ಎನ್ನುವುದನ್ನೇ ನಾವು ಮರೆತಿದ್ದೆವು. "ಇವಳು ನನಗಿಂತ ಮೂರು ತಿಂಗಳು ದೊಡ್ಡವಳು" ಎಂದರು ಹುಡುಗನ ತಂದೆ. "ನನಗೆ ಎಂತ ಆಗಿದೆ?"

ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಓಡಿದಳು. ಅಡುಗೆಮನೆಯಿಂದ ನಗು ತಡೆಯುವ ಶಬ್ದ ಕೇಳಿಸಿತು. ಮುಖ್ಯೋಪಾಧ್ಯಾಯಿನಿಯ ಮುಖ ಕೆಂಪಾಯಿತು, ಆಮೇಲೆ ಅವರೂ ನಕ್ಕರು. ಮದುವೆ ಮುಂದಿನ ಮಾಘದಲ್ಲಿ ನಡೆಯಿತು. ಪ್ರಿಂಟು ಬೇಕೆಂದು ಯಾರೂ ಕೇಳಲಿಲ್ಲ.

ಅವರು ಹೋದ ಮರುದಿನ ನಾನು ಲ್ಯಾಪ್‌ಟಾಪು, ಭಾವ ಕತ್ತರಿಸಿದ ಚಾರ್ಜರು, ಹೊಸ ಚಾರ್ಜರು, ಎಂಟು ಪಿನ್ನುಗಳ ಪೊಟ್ಟಣ, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲಕ್ಕೆ ಹೋದೆ. ಅಲ್ಲಿ ಒಂದು ಬೇಕರಿಯ ಕೆಳಗಿನ ನೆಲಮಾಳಿಗೆಯಲ್ಲಿ ಲ್ಯಾಪ್‌ಟಾಪು ರಿಪೇರಿ ಅಂಗಡಿ ಇದೆ. ಮಾಡುವವರು ಮೂವತ್ತರ ಆಸುಪಾಸಿನ ಹೆಂಗಸು. ಹಣೆಗೆ ಭೂತಗನ್ನಡಿಯ ಪಟ್ಟಿ ಕಟ್ಟಿಕೊಂಡಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮೊದಲು ಹೊಸ ಚಾರ್ಜರಿಗೆ ಮೀಟರು ಹಿಡಿದರು.

"ಇದರಲ್ಲಿ ಕರೆಂಟ್ ಸರಿ ಬರ್ತದೆ ಸರ್. ಆದರೆ ಪಿನ್ನಿನ ನಡುವೆ ಸೂಜಿಯ ಹಾಗೆ ಒಂದು ಇರ್ತದೆ ನೋಡಿ, ಚಾರ್ಜರ್ ತಾನು ಯಾರು, ಎಷ್ಟು ವ್ಯಾಟಿನದ್ದು ಅಂತ ಹೇಳುದು ಅದರಲ್ಲಿ. ಇದರಲ್ಲಿ ಅದಕ್ಕೆ ಕನೆಕ್ಷನ್ನೇ ಇಲ್ಲ. ಹಾಗಾಗಿ ಲ್ಯಾಪ್‌ಟಾಪ್ ಇದನ್ನು ನಂಬುದಿಲ್ಲ."

ಗೋತ್ರ ಪ್ರವರ ಹೇಳದೆ ಸಂಕಲ್ಪಕ್ಕೆ ಕೂತ ಹಾಗೆ ಎಂದು ನನಗೆ ಅರ್ಥವಾಯಿತು. ಆಮೇಲೆ ಅವರು ಹಳೆಯ ಚಾರ್ಜರನ್ನು ಎತ್ತಿಕೊಂಡರು. ಕಪ್ಪು ಟೇಪಿನ ಗಂಟನ್ನು ಕಂಡು ಹಣೆಯ ಗಾಜನ್ನು ಮೇಲೆ ಸರಿಸಿದರು.

"ಇದು ಯಾರು ಮಾಡಿದ್ದು?"

"ಮನೆಯವಳ ಕಡೆಯವರು."

ಅವರು ಗಾಜನ್ನು ಮತ್ತೆ ಕೆಳಗೆ ಎಳೆದುಕೊಂಡರು. ಟೇಪು ಬಿಡಿಸಿ, ವಯರುಗಳನ್ನು ಬೇರೆ ಬೇರೆ ಮಾಡಿ ಡಬ್ಬಿಯ ಕಡೆಯಿಂದ ಮೀಟರು ಹಿಡಿದರು. ಹತ್ತೊಂಬತ್ತೂವರೆ ವೋಲ್ಟು ತೋರಿಸಿತು. "ಇದಕ್ಕೆ ಎಂತ ಆಗಿರ್ಲಿಲ್ಲ ಸರ್. ವಯರು ಒಂದಕ್ಕೊಂದು ತಾಗಿ ದೀಪ ಆರಿದ್ದು ಅಷ್ಟೆ, ಡಬ್ಬಿ ಗಟ್ಟಿಮುಟ್ಟಾಗಿ ಉಂಟು" ಎಂದರು. ಎದುರಿಗಿದ್ದ ಸ್ಟೂಲಿನ ಮೇಲೆ ನಾನು ಕೂತೆ. ಹನ್ನೆರಡು ಕೊಡಪಾನ ನೀರು ನೆನಪಾಯಿತು.

ಕೊನೆಗೆ ಅವರು ಲ್ಯಾಪ್‌ಟಾಪನ್ನು ಬದಿಗೆ ತಿರುಗಿಸಿ ತೂತಿಗೆ ಟಾರ್ಚು ಬಿಟ್ಟರು. ಸುಮಾರು ಹೊತ್ತು ನೋಡಿದರು. ಸಪೂರದ ಚಿಮಟ ತೆಗೆದುಕೊಂಡು ಉಸಿರು ಹಿಡಿದು ಒಳಗಿನಿಂದ ಏನನ್ನೋ ಎಳೆದು, ಬಿಳಿ ಕಾಗದದ ಮೇಲಿಟ್ಟು ನನ್ನ ಕಡೆ ತಳ್ಳಿದರು.

"ಇದೆಂತ ಸರ್? ಕೆಂಪು ಉಂಟು."

ನೋಡಿದ ಕೂಡಲೆ ನನಗೆ ಗೊತ್ತಾಯಿತು. ಆದರೂ ಬಗ್ಗಿ ಇನ್ನೊಮ್ಮೆ ನೋಡಿದೆ. ಕುಂಕುಮ ಹಚ್ಚಿದ ಒಂದು ಅಕ್ಕಿಕಾಳು. ಆಯುಧಪೂಜೆಯ ದಿನ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು, ಹೂವೇರಿಸಿ, ಧಾರಾಳವಾಗಿ ಅಕ್ಷತೆ ಹಾಕಿದವನು ನಾನೇ. ಮಂತ್ರ ತುಸು ಉದ್ದವೇ ಹೇಳಿದ್ದೆ, ಸ್ಕೂಟರಿಗಿಂತ ಹೆಚ್ಚು.

"ಅಕ್ಷತೆ" ಎಂದೆ. "ಪೂಜೆದ್ದು."

ಅವರು ತುಟಿ ಕಚ್ಚಿಕೊಂಡರು. ಆದರೆ ಒಳ್ಳೆಯ ಮನಸ್ಸಿನವರು. "ನಿಮ್ಮದು ಪರ್ವಾಗಿಲ್ಲ ಸರ್. ಮೊನ್ನೆ ಒಬ್ರು ತಂದದ್ದರಲ್ಲಿ ಇರುವೆಯ ಸಂಸಾರವೇ ಇತ್ತು, ಮೊಟ್ಟೆ ಸಮೇತ. ಮೊದಲು ತೂತು ನೋಡ್ಬೇಕು, ಯಾರೂ ನೋಡುದಿಲ್ಲ. ಎಲ್ಲ ನೇರ ಚಾರ್ಜರಿಗೇ ಬಯ್ತಾರೆ." ತಮ್ಮಲ್ಲಿದ್ದ ಅದೇ ವ್ಯಾಟಿನ ಒಂದು ಚಾರ್ಜರು ಹಾಕಿದರು. ಪಿನ್ನು ಕಟ್ ಎಂದು ಬುಡದವರೆಗೆ ಹೋಯಿತು. ಒಂದೇ ಟುಂಗ್. ಎರಡನೆಯದಕ್ಕಾಗಿ ನಾನು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಆ ಚಾರ್ಜರನ್ನೇ ಕೊಂಡು ಮನೆಗೆ ಬಂದೆ.

ಹೆಂಡತಿಗೆ ನಡೆದದ್ದನ್ನು ಹೇಳಿದಾಗ ಅವಳು ನೆಲದ ಮೇಲೆ ಕೂತು ನಕ್ಕಳು. ನಕ್ಕು ಮುಗಿದ ಮೇಲೆ, "ಅಣ್ಣನಿಗೆ ಹೇಳ್ಬೇಡಿ, ಬೇಜಾರು ಮಾಡಿಕೊಳ್ತಾನೆ" ಎಂದಳು. ನಾನು ಹೇಳಬಾರದೆಂದೇ ಇದ್ದೆ. ಆದರೆ ಮುಂದಿನ ಭಾನುವಾರ ಭಾವ ಊಟಕ್ಕೆ ಬಂದರು. ಲ್ಯಾಪ್‌ಟಾಪು ಚಾರ್ಜಾಗುತ್ತಿರುವುದನ್ನು ಕಂಡು, "ನೋಡಿ, ಅರ್ಥಿಂಗ್ ಸರಿಯಾದ ಮೇಲೆ ಹೇಗೆ ಉಂಟು!" ಎಂದರು. ಎರಡನೆಯ ಸಲ ಅದೇ ಮಾತು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಅಕ್ಕಿಕಾಳಿನ ಕತೆ ಪೂರ್ತಿ ಹೇಳಿಬಿಟ್ಟೆ. ಚಾರ್ಜರಿಗೆ ಏನೂ ಆಗಿರಲಿಲ್ಲ ಎನ್ನುವುದನ್ನೂ ಹೇಳಿದೆ.

ಭಾವ ಪಾಯಸದ ಎಲೆಯ ಮುಂದೆ ಕೈ ನಿಲ್ಲಿಸಿ ಯೋಚಿಸಿದರು. ಅವರಿಗೆ ಬೇಸರವಾಯಿತೆಂದೇ ನಾನು ಹೆದರಿದೆ.

"ಅಕ್ಕಿಯಲ್ಲಿ ಕರೆಂಟ್ ಹರಿಯುದಿಲ್ಲ" ಎಂದರು ಕೊನೆಗೆ. "ಪಿಂಗಾಣಿ ಇದ್ದ ಹಾಗೆ ಅದು. ಕರೆಂಟ್ ತಡೀಲಿಕ್ಕೆ ನಾವು ಕಂಬದ ಮೇಲೆ ಪಿಂಗಾಣಿ ಬೇಕಂತಲೇ ಇಡುದು. ನೀವು ಅದನ್ನು ಲ್ಯಾಪ್‌ಟಾಪಿನ ಒಳಗೆ ಇಟ್ಟಿದ್ದೀರಿ. ಮತ್ತೆ ಹೇಗೆ ಚಾರ್ಜ್ ಆಗ್ತದೆ ಭಾವ? ಕರೆಂಟಿನ ವಿಷಯ ಮೊದಲೇ ನನ್ನ ಹತ್ರ ಹೇಳ್ಬೇಕಿತ್ತು."

ಅವರು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡರು. ಹೊರಡುವಾಗ, ಮೂಲೆಯಲ್ಲಿದ್ದ ತುಂಡು ವಯರಿನ ಹಳೆಯ ಚಾರ್ಜರನ್ನು ಕಂಡು, "ಇದು ನಿಮಗೆ ಬೇಡ ಅಲ್ವಾ? ನನ್ನಲ್ಲೊಂದು ಕೆಲಸ ಉಂಟು" ಎಂದು ಚೀಲಕ್ಕೆ ಹಾಕಿಕೊಂಡು ಕಾರ್ಕಳದ ಬಸ್ಸು ಹತ್ತಿದರು. ಏನು ಕೆಲಸ ಎಂದು ನಾನೂ ಕೇಳಲಿಲ್ಲ, ಹೆಂಡತಿಯೂ ಕೇಳಲಿಲ್ಲ.